ಚರ್ಚಿನ ಬಾಗಿಲಲ್ಲಿ ಬಿಟ್ಟ ಶೂ

ಡಾಕ್ಟರ್ ಸತ್ಯನಾರಾಯಣರಿಗೆ ಎಪ್ಪತ್ತೆರಡು, ಅವರ ಹೆಂಡತಿ ಅನಸೂಯಳಿಗೆ ಅರವತ್ತೇಳು. ಈ ವಯಸ್ಸಿನಲ್ಲಿ ಗಂಡ ಹೆಂಡತಿ ಪಂದ್ಯ ಕಟ್ಟಿಕೊಂಡು ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯುತ್ತಿದ್ದಾರೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ ಬಿಡಿ. ಪಂದ್ಯ ಏನೆಂದು ತಿಳಿದ ಮೇಲೆ ಯಾರಿಗೂ ಅಷ್ಟು ನಗು ಬರುವುದಿಲ್ಲ.

ಪಂದ್ಯ ಇಷ್ಟೆ. ಐದು ದಿನ ಬರ್ಗಂಡಿಯ ಹಳ್ಳಿ ದಾರಿಗಳಲ್ಲಿ ಒಂದು ಹಳೆಯ ಚರ್ಚಿನಿಂದ ಇನ್ನೊಂದಕ್ಕೆ ಸೈಕಲ್ ಮೇಲೆ ಹೋಗಬೇಕು. ದಾರಿ ತೋರಿಸುವ ಜವಾಬ್ದಾರಿ ಪೂರ್ತಿ ಡಾಕ್ಟರದು, ಅದೂ ಕಾಗದದ ಮ್ಯಾಪ್ ನೋಡಿಕೊಂಡು. ಫೋನಿನಲ್ಲಿ ದಾರಿ ನೋಡುವ ಹಾಗಿಲ್ಲ. ಒಂದು ದಾರಿ ತಪ್ಪಿದರೆ, ಒಂದು ವಸ್ತು ಮರೆತು ಬಂದರೆ, ಮನೆಗೆ ಮರಳಿದ ಮೇಲೆ ಅವರು ಮಾತಿಲ್ಲದೆ ನ್ಯೂರಾಲಜಿಸ್ಟ್ ಹತ್ತಿರ ಹೋಗಿ ಮರೆವಿನ ಟೆಸ್ಟ್ ಮಾಡಿಸಿಕೊಳ್ಳಬೇಕು. ಏನೂ ತಪ್ಪದಿದ್ದರೆ ಅನಸೂಯ ಆ ಮಾತನ್ನು ಇನ್ನು ಜನ್ಮದಲ್ಲಿ ಎತ್ತಬಾರದು. ಏಪೆಕ್ಸ್ ಎನ್ನುವ ಊರಿನಲ್ಲಿರುವ ಮಗ ಅಮೋಘ್ ಕೂಡ ಎತ್ತಬಾರದು.

ಮನೆ ಇರುವುದು ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ. ಆ ಮನೆಯಲ್ಲಿ ಎಂಟು ತಿಂಗಳಿಂದ ಇದೇ ರಾಮಾಯಣ. ಪರಿಚಯದ ಹುಡುಗ ವೇಣುಗೋಪಾಲನ ಗೃಹಪ್ರವೇಶದ ದಿನ ಡಾಕ್ಟರು ತಾವು ಅಮೆರಿಕಕ್ಕೆ ಬಂದ ವರ್ಷ ಮೊದಲ ಬಾರಿ ಹಿಮ ಕಂಡ ಕತೆಯನ್ನು ಒಂದೇ ಊಟದಲ್ಲಿ ಮೂರು ಸಲ ಹೇಳಿದ್ದರು. ಮೂರನೆಯ ಸಲವೂ ಎಲ್ಲರೂ "ಹೌದಾ ಅಂಕಲ್" ಎಂದು ನಕ್ಕರು. ಆ ಮರ್ಯಾದೆಯ ನಗು ಕೇಳಿ ಅನಸೂಯಳಿಗೆ ತಟ್ಟೆ ಹಿಡಿದು ನಿಂತಲ್ಲೇ ಅಳು ಬಂತು. ಇನ್ನೊಂದು ದಿನ ಬಾಗಿಲು ಮುಚ್ಚಿದ ಗರಾಜಿನಲ್ಲಿ ಕಾರು ಆನ್ ಮಾಡಿ, ಹಾಗೇ ಬಿಟ್ಟು, ಒಳಗೆ ಬಂದು ಪೇಪರ್ ಓದುತ್ತ ಕೂತಿದ್ದರು. ಅವಳು ಬಟ್ಟೆ ಒಗೆಯಲು ಆ ಕಡೆ ಹೋಗದಿದ್ದರೆ ಆ ಹೊಗೆಗೆ ಏನಾಗುತ್ತಿತ್ತೋ ದೇವರೇ ಬಲ್ಲ.

ಡಾಕ್ಟರಿಗೆ ಡಾಕ್ಟರ ಹತ್ತಿರ ಹೋಗಿ ಎಂದು ಹೇಳಿ ಗೆದ್ದವರು ಯಾರಿದ್ದಾರೆ. "ನಲವತ್ತು ವರ್ಷ ಪ್ರಾಕ್ಟೀಸ್ ಮಾಡಿದೀನಿ ಕಣೇ, ನನಗೆ ಗೊತ್ತಾಗಲ್ವಾ? ಬಿ-ಟ್ವೆಲ್ವ್ ಕಮ್ಮಿ ಇರುತ್ತೆ, ಅಷ್ಟೆ" ಎಂದು ಅವರು ಮಾತು ತುಂಡರಿಸುತ್ತಿದ್ದರು. ಅಮೋಘ್ ಫೋನಿನಲ್ಲಿ ಹೇಳಿದರೆ ಅವನಿಗೂ ಅದೇ ಪಾಠ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗುಣ ಅವರದು ಇಂದು ನಿನ್ನೆಯದಲ್ಲ. ಮೈಸೂರಿನಲ್ಲಿ ಅವಳನ್ನು ನೋಡಲು ಬಂದ ದಿನವೇ ಅವಳ ತಂದೆಯೊಡನೆ ಕಾಫಿಗೆ ಚಿಕೋರಿ ಹಾಕಬೇಕೋ ಬೇಡವೋ ಎಂದು ಅರ್ಧ ಗಂಟೆ ವಾದ ಮಾಡಿದ್ದರು.

ಸೈಕಲ್ಲಿನ ಹುಚ್ಚು ಹತ್ತಿದ್ದು ಕೋವಿಡ್ ವರ್ಷದಲ್ಲಿ. ಮನೆಯಲ್ಲಿ ಕೂತು ಹೆಂಡತಿಯ ಡಬ್ಬಿಗಳಿಗೆಲ್ಲ ಲೇಬಲ್ ಅಂಟಿಸತೊಡಗಿದ ಅಪ್ಪನನ್ನು ಹೊರಗೆ ಹಾಕಲೆಂದು ಅಮೋಘ್ ಒಂದು ರೋಡ್ ಬೈಕ್ ಕಳಿಸಿದ. ಡಾಕ್ಟರು ಮೊದಲು ಡೇಟಾ ಸೆಂಟರುಗಳ ಹಿಂದೆ ಟ್ರೈಲ್ ಎನ್ನುವ ಸೈಕಲ್ ದಾರಿಯಲ್ಲಿ ತುಳಿದರು. ಆಮೇಲೆ ಪಶ್ಚಿಮಕ್ಕೆ, ಕುದುರೆ ಲಾಯಗಳೂ ದ್ರಾಕ್ಷಿ ತೋಟಗಳೂ ಇರುವ ಹಳ್ಳಿಗಳಿಗೆ ಹೋಗತೊಡಗಿದರು. ಆ ಹಳ್ಳಿಗಳ ಕಲ್ಲಿನ ಚರ್ಚುಗಳ ಮುಂದೆ ಸೈಕಲ್ ಒರಗಿಸಿ ನೀರು ಕುಡಿಯುವುದು ಅವರಿಗೆ ಅಭ್ಯಾಸವಾಯಿತು. ಇನ್ನೂರು ವರ್ಷದ್ದೇ ಇಷ್ಟು ಚೆನ್ನಾಗಿದ್ದರೆ ಒಂಬೈನೂರು ವರ್ಷದ್ದು ಹೇಗಿದ್ದೀತು ಎಂದು ಪುಸ್ತಕ ತರಿಸಿ ಓದಿದರು. ಮಂಡಿ ನೋವಿನ ಅನಸೂಯಳಿಗೆ ಬ್ಯಾಟರಿ ಇರುವ ಸೈಕಲ್ ಬಂತು. ಅದಕ್ಕೆ ಅವರು 'ಕರೆಂಟ್ ಗಾಡಿ' ಎಂದು ಹೆಸರಿಟ್ಟರು.

ಫ್ರಾನ್ಸಿಗೆ ಹೋಗೋಣ ಎಂದವರೂ ಅವರೇ, ಪಂದ್ಯ ಕಟ್ಟಿದವರೂ ಅವರೇ. ಅನಸೂಯ ಒಪ್ಪಿಕೊಂಡಳು. ಹೀಗಾದರೂ ಹಾವು ಸಾಯಲಿ, ಕೋಲು ಮುರಿಯದಿರಲಿ ಎಂದು ಅವಳ ಲೆಕ್ಕ. ಐದು ದಿನದಲ್ಲಿ ಅವರು ಒಂದಾದರೂ ತಪ್ಪು ಮಾಡದೆ ಇರುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು.

ನಾಲ್ಕು ದಿನ ಕಳೆದವು. ಒಂದೂ ತಪ್ಪಲಿಲ್ಲ.

ಸೆಪ್ಟೆಂಬರಿನ ಬಿಸಿಲು ಹಿತವಾಗಿತ್ತು. ರಸ್ತೆಯಲ್ಲಿ ಗಂಟೆಗೊಂದು ಕಾರು ಬಂದರೆ ಹೆಚ್ಚು. ಬೇಲಿಯ ಆಚೆ ಬಿಳಿ ಬಿಳಿ ದನಗಳು, ಒಣಗಿ ತಲೆ ಬಾಗಿಸಿದ ಸೂರ್ಯಕಾಂತಿ, ಮಧ್ಯಾಹ್ನವಾದರೆ ಕಿಟಕಿ ಬಾಗಿಲು ಮುಚ್ಚಿ ಮಲಗುವ ಹಳ್ಳಿಗಳು. ಪ್ರತಿ ದಿಬ್ಬದ ಆಚೆ ಮೊದಲು ಕಾಣುವುದು ಚರ್ಚಿನ ಗೋಪುರ. ಡಾಕ್ಟರು ಮುಂದೆ, ಹ್ಯಾಂಡಲ್ ಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಮ್ಯಾಪ್, ಅವಳು ಹಿಂದೆ. ಕವಲು ಬಂದಾಗಲೆಲ್ಲ ಅವಳು ಬ್ರೇಕ್ ಹಿಡಿದು ಕಾಯುತ್ತಿದ್ದಳು. ಅವರು ಕೈ ಚಾಚಿ ಎಡಕ್ಕೋ ಬಲಕ್ಕೋ ತೋರಿಸುತ್ತಿದ್ದರು. ಪ್ರತಿ ಸಲವೂ ಸರಿಯಾದ ಊರೇ ಬರುತ್ತಿತ್ತು.

ಪ್ರತಿ ಚರ್ಚಿನ ಬಾಗಿಲಲ್ಲೂ ಅವರು ಶೂ ಕಳಚಿ ಒಳಗೆ ಹೋಗುತ್ತಿದ್ದರು. ಸೈಕಲ್ಲಿನ ಶೂ ಅದು. ಅಂಗಾಲಿನಲ್ಲಿ ಪೆಡಲಿಗೆ ಕಚ್ಚಿಕೊಳ್ಳುವ ಕೊಕ್ಕೆ ಇರುತ್ತದೆ. ಆ ಪೆಡಲನ್ನು ಬೇರೆ ಯಾವುದನ್ನು ಹಾಕಿಕೊಂಡೂ ಸರಿಯಾಗಿ ತುಳಿಯಲಾಗುವುದಿಲ್ಲ. ಪೆಡಲೂ ಶೂವೂ ಎರಡನ್ನೂ ಆಶ್‌ಬರ್ನ್‌ನಿಂದಲೇ ತಂದಿದ್ದರು.

"ರೀ, ಇಲ್ಲಿ ಯಾರೂ ತೆಗೆಯಲ್ಲ. ಚರ್ಚ್ ಇದು" ಎಂದು ಮೊದಲ ದಿನ ಅನಸೂಯ ಹೇಳಿದ್ದಳು.

"ದೇವರ ಮನೆ ತಾನೆ? ಯಾರು ತೆಗೀತಾರೆ ಬಿಡ್ತಾರೆ ಅನ್ನೋದು ಕಟ್ಕೊಂಡು ನನಗೇನು" ಎಂದಿದ್ದರು ಅವರು. ಬಾಗಿಲಿನ ಬಲಗಡೆ ಎರಡನ್ನೂ ಜೋಡಿಸಿಟ್ಟು, ಕಾಲುಚೀಲದಲ್ಲಿ ತಣ್ಣನೆಯ ಕಲ್ಲಿನ ಮೇಲೆ ನಡೆಯುತ್ತ ಹೋಗಿ ಕಂಬಗಳ ತಲೆಯ ಮೇಲಿನ ಕೆತ್ತನೆಗಳನ್ನು ನೋಡುತ್ತಿದ್ದರು. ಒಂದು ಕಡೆ ಕತ್ತೆಯೊಂದು ತಂತಿವಾದ್ಯ ಬಾರಿಸುತ್ತಿತ್ತು. "ಬೇಲೂರಲ್ಲಿ ಕೆತ್ತುತಾ ಇದ್ದ ಕಾಲದಲ್ಲೇ ಇವರೂ ಇಲ್ಲಿ ಕೂತು ಕೆತ್ತುತಾ ಇದ್ದರು ನೋಡು. ಇವರಿಗೆ ಅವರು ಗೊತ್ತಿಲ್ಲ, ಅವರಿಗೆ ಇವರು ಗೊತ್ತಿಲ್ಲ" ಎಂದರು. ಆಗ ಅವರ ಮುಖ ನೋಡಿದರೆ ಈ ಮನುಷ್ಯನಿಗೆ ಏನಾಗಿದೆ ಎನ್ನಬೇಕು? ಹೋಟೆಲಿನವಳ ಹೆಸರು, ಹಿಂದಿನ ದಿನ ತಿಂದ ಚೀಸಿನ ಹೆಸರು, ಎಲ್ಲ ಬಾಯಲ್ಲಿ. ತಾನೇ ಇಲ್ಲದ ರೋಗ ಹುಟ್ಟಿಸಿದೆನೇನೋ ಎಂದು ಅನಸೂಯಳಿಗೆ ಮೂರನೆಯ ದಿನ ಅನುಮಾನ ಬಂತು. ಸಂತೋಷವೂ ಆಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಆ ಸಂತೋಷ ಹೋಯಿತು. ಹೋಟೆಲಿನ ಬಚ್ಚಲ ಬಾಗಿಲ ಆಚೆಯಿಂದ ಅವರ ದನಿ ಕೇಳಿಸಿತು. ಆ ದಿನ ಹಾಯಬೇಕಾದ ಊರುಗಳ ಹೆಸರನ್ನು ಅವರು ಒಂದಾದ ಮೇಲೊಂದು ಹೇಳಿಕೊಳ್ಳುತ್ತಿದ್ದರು, ಆಚಮನದಲ್ಲಿ ಕೇಶವ ನಾರಾಯಣ ಎನ್ನುವ ಹಾಗೆ. ನಡುವೆ ಒಂದು ಹೆಸರು ಬಿಟ್ಟುಹೋಯಿತು. ತಡವರಿಸಿದರು. "ಛೆ" ಎಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ಅನಸೂಯ ಟವೆಲ್ ಹಿಡಿದು ಅಲ್ಲೇ ನಿಂತಳು. ಹೊರಗೆ ಬಂದವರು "ಏನೇ, ಕಾಫಿ ಆಯ್ತಾ?" ಎಂದರು, ಏನೂ ಆಗದವರ ಹಾಗೆ. ಅವಳೂ ಏನೂ ಕೇಳದವಳ ಹಾಗೆ "ಆಯ್ತು, ಬನ್ನಿ" ಎಂದಳು.

ಐದನೆಯ ದಿನ ಬೆಳಿಗ್ಗೆ ಮೋಡ ಕವಿದಿತ್ತು. ಮೊದಲ ಊರಿನ ಚರ್ಚು ನೋಡಿ, ಒಂಬತ್ತು ಕಿಲೋಮೀಟರ್ ತುಳಿದು, ಎರಡನೆಯ ಊರಿಗೆ ಬಂದಾಗ ಹತ್ತೂವರೆ. ಮೂವತ್ತು ಮನೆಯ ಊರು. ಸಣ್ಣ ಚೌಕ, ಚೌಕದ ಒಂದು ಬದಿಗೆ ಗಿಡ್ಡ ಬಾಗಿಲಿನ ಚರ್ಚು, ಎದುರಿಗೆ ಕಲ್ಲಿನ ತೊಟ್ಟಿ, ಒಂದು ನೀರಿನ ನಲ್ಲಿ. ಡಾಕ್ಟರು ಎಂದಿನಂತೆ ಶೂ ಕಳಚಿ ಒಳಗೆ ಹೋದರು. ಅನಸೂಯ ನಲ್ಲಿಯಲ್ಲಿ ಬಾಟಲಿ ತುಂಬಿಸಿಕೊಂಡು ಮರದ ಕೆಳಗಿನ ಬೆಂಚಿನ ಮೇಲೆ ಕೂತಳು. ಇನ್ನು ಉಳಿದದ್ದು ಇಪ್ಪತ್ತು ಕಿಲೋಮೀಟರ್. ಸಂಜೆಯೊಳಗೆ ಅವರು ಪಂದ್ಯ ಗೆಲ್ಲುತ್ತಾರೆ, ಆಮೇಲೆ ತನ್ನ ಬಾಯಿಗೆ ಬೀಗ ಬೀಳುತ್ತದೆ, ಗರಾಜಿನಲ್ಲಿ ಕಾರು ಮತ್ತೊಂದು ಸಲ ಆನ್ ಆಗುತ್ತದೆ. ಇದನ್ನೇ ಅವಳು ಯೋಚಿಸುತ್ತಿದ್ದಳು.

ಸಣ್ಣಗೆ ಹನಿ ಶುರುವಾಯಿತು. ಚರ್ಚಿಗೆ ಅಂಟಿಕೊಂಡ ಸಣ್ಣ ಕೋಣೆಯಿಂದ ಒಬ್ಬ ಹೆಂಗಸು ಬಕೆಟ್ಟು, ಪೊರಕೆ ಹಿಡಿದು ಹೊರಗೆ ಬಂದಳು. ತನ್ನಷ್ಟೇ ವಯಸ್ಸಿರಬೇಕು ಎನಿಸಿತು ಅನಸೂಯಳಿಗೆ. ಸೊಂಟಕ್ಕೆ ನೀಲಿ ಏಪ್ರನ್. ಮುಂಬಾಗಿಲಿಗೆ ಬಂದು ಶೂ ನೋಡಿದಳು. ಬಗ್ಗಿ ಒಂದನ್ನು ಎತ್ತಿ, ಅಂಗಾಲಿನ ಕೊಕ್ಕೆಯನ್ನು ತಿರುಗಿಸಿ ನೋಡಿ, ತಲೆಯಾಡಿಸಿದಳು. ಚೌಕದ ಕಡೆ ಕಣ್ಣು ಹಾಯಿಸಿದಳು. ಮರದ ಹಿಂದಿದ್ದ ಅನಸೂಯ ಅವಳಿಗೆ ಕಾಣಲಿಲ್ಲ. ಎರಡೂ ಶೂಗಳನ್ನು ಬಕೆಟ್ಟಿನೊಳಗೆ ಹಾಕಿಕೊಂಡು ಮೂಲೆಯ ಹಸಿರು ಬಾಗಿಲಿನ ಮನೆಯೊಳಗೆ ಹೋದಳು.

ಅನಸೂಯ ಎದ್ದು ನಿಂತಿದ್ದಳು. 'ಮದಾಂ' ಎನ್ನುವ ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಕೂಗಿದ್ದರೆ ಮುಗಿಯುತ್ತಿತ್ತು. ಅವಳು ಕೂಗಲಿಲ್ಲ. ಮತ್ತೆ ಬೆಂಚಿನ ಮೇಲೆ ಕೂತುಬಿಟ್ಟಳು.

ನಾನೇನೂ ಮಾಡಲಿಲ್ಲವಲ್ಲ, ಎಂದುಕೊಂಡಳು. ತಾನಾಗಿ ಆದದ್ದು. ಅವರು ಹೊರಗೆ ಬರುತ್ತಾರೆ, ಶೂ ಇರುವುದಿಲ್ಲ, ಕೂಗಾಡುತ್ತಾರೆ. ಹಿಂದಿನ ಊರಲ್ಲೇ ಬಿಟ್ಟಿರಬೇಕು ನೋಡಿ, ಎಂದು ನಾನು ಒಂದು ಮಾತು ಹೇಳಿದರೆ ಸಾಕು. ಟೆಸ್ಟಿಗೆ ಒಪ್ಪಲೇಬೇಕು. ಇದು ಅವರ ಒಳ್ಳೆಯದಕ್ಕೇ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದರೂ ಅವಳ ಕಣ್ಣು ಮತ್ತೆ ಮತ್ತೆ ಆ ಹಸಿರು ಬಾಗಿಲಿಗೇ ಹೋಗುತ್ತಿತ್ತು. ನಲವತ್ತೈದು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಸುಳ್ಳು ಹೇಳಿಲ್ಲವೆಂದಲ್ಲ. ಸೀರೆಗೆ ಕೊಟ್ಟದ್ದು ಎಷ್ಟು ಎಂದು ಯಾವ ಹೆಂಗಸು ನಿಜ ಹೇಳುತ್ತಾಳೆ? ಆದರೆ ಇದು ಆ ಜಾತಿಯ ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು.

ಡಾಕ್ಟರು ಹೊರಗೆ ಬಂದರು. ಬಾಗಿಲಿನ ಬಲಗಡೆ ನೋಡಿದರು. ಎಡಗಡೆ ನೋಡಿದರು. ಒಳಗೆ ಹೋಗಿ ಮತ್ತೆ ಬಂದರು. ಚರ್ಚಿನ ಆಚೆ ಮೂಲೆಗೆ ಒರಗಿಸಿದ್ದ ಸೈಕಲ್ ಹತ್ತಿರ ಹೋಗಿ, ಪೆಡಲನ್ನು ಮುಟ್ಟಿ ನೋಡಿ, ಅಲ್ಲೇ ನಿಂತರು.

ಈಗ ಕೂಗುತ್ತಾರೆ ಎಂದು ಅನಸೂಯ ಕಾದಳು. ಇದು ಅವರ ಸ್ವಭಾವ. ಮನೆ ಹತ್ತಿರದ ಡಲೆಸ್ ಏರ್‌ಪೋರ್ಟಿನಲ್ಲಿ ಬೆಲ್ಟ್ ಎರಡು ನಿಮಿಷ ಕಾಣದಿದ್ದದ್ದಕ್ಕೆ ಸೆಕ್ಯುರಿಟಿಯವರನ್ನೆಲ್ಲ ಗದರಿಸಿದ ಮನುಷ್ಯ. ಯಾವನೋ ಎತ್ತಿಕೊಂಡು ಹೋದ, ಎನ್ನುತ್ತಾರೆ. ಊರಿನ ಬಾಗಿಲುಗಳನ್ನೆಲ್ಲ ತಟ್ಟುತ್ತಾರೆ.

ಅವರು ಕೂಗಲಿಲ್ಲ. ಒದ್ದೆ ಕಲ್ಲಿನ ಮೇಲೆ ಕಾಲುಚೀಲದಲ್ಲೇ ಚೌಕ ದಾಟಿ ಬಂದು ಅವಳ ಪಕ್ಕ ಕೂತರು. ಸ್ವಲ್ಪ ಹೊತ್ತು ತಮ್ಮ ಪಾದಗಳನ್ನು ನೋಡಿದರು. ಆಮೇಲೆ ಯಾರಿಗೂ ಕೇಳಿಸಬಾರದು ಎನ್ನುವಷ್ಟು ಮೆಲ್ಲಗೆ ಕೇಳಿದರು.

"ಅನಸೂಯ, ನಾನು ಇಲ್ಲಿಗೆ ಬರುವಾಗ ಶೂ ಹಾಕ್ಕೊಂಡಿದ್ನಾ?"

ಅವಳು ಹೇಳಬೇಕೆಂದುಕೊಂಡ ಸುಳ್ಳು ಬೇಕಾಗಲೇ ಇಲ್ಲ. ಒಂಬತ್ತು ಕಿಲೋಮೀಟರ್ ಆ ಪೆಡಲನ್ನು ತುಳಿದು ಬಂದವರು, ಕಾಲು ಗಂಟೆಯ ಹಿಂದೆ ಅವಳ ಕಣ್ಣೆದುರಿಗೇ ಶೂ ಕಳಚಿಟ್ಟವರು, ಅದನ್ನು ಅವಳ ಹತ್ತಿರ ಕೇಳುತ್ತಿದ್ದರು. ಕೇಳುವಾಗ ಅವಳ ಮುಖವನ್ನು ನೋಡಲೂ ಇಲ್ಲ.

"ಹಿಂದಿನ ಊರಲ್ಲಿ ಬಿಟ್ಟೆ ಅನ್ಸುತ್ತೆ" ಎಂದರು ಅವರೇ. "ಆಯ್ತು ಬಿಡು. ನೀನು ಗೆದ್ದೆ."

"ಇಲ್ಲ ರೀ" ಎಂದಳು ಅನಸೂಯ. "ನೀವು ಹಾಕ್ಕೊಂಡೇ ಬಂದ್ರಿ. ಆ ಬಾಗಿಲ ಹತ್ರಾನೇ ಬಿಟ್ರಿ. ಒಬ್ಬಳು ಬಂದು ತಗೊಂಡು ಹೋದಳು, ಆ ಹಸಿರು ಬಾಗಿಲ ಮನೆಗೆ. ನಾನು ನೋಡ್ದೆ. ನೋಡಿ ಸುಮ್ಮನಿದ್ದೆ."

ಅವರು ತಿರುಗಿ ನೋಡಿದರು. "ಸುಮ್ಮನಿದ್ಯಾ? ಯಾಕೆ?"

"ನೀವು ಸೋಲ್ಲಿ ಅಂತ. ಸೋತ್ರೆ ಟೆಸ್ಟ್ ಮಾಡಿಸ್ಕೋತೀರ ಅಂತ. ತಪ್ಪಾಯ್ತು, ಕ್ಷಮಿಸಿ." ಹೇಳಿ ಮುಗಿಸುವಷ್ಟರಲ್ಲಿ ಅವಳು ಅಳುತ್ತಿದ್ದಳು.

ಡಾಕ್ಟರು ಎದ್ದು ಹಸಿರು ಬಾಗಿಲಿನ ಕಡೆ ಹೊರಟರು. ಅನಸೂಯ ಕಣ್ಣೊರೆಸಿಕೊಂಡು ಹಿಂದೆಯೇ ಓಡಿದಳು. ಬಾಗಿಲು ತೆರೆದ ಹೆಂಗಸು ಇವರ ಮುಖ ನೋಡಿದಳು, ಆಮೇಲೆ ಅವರ ಕಾಲುಚೀಲ ನೋಡಿದಳು, ಅಯ್ಯೋ ಎಂದು ಕೆನ್ನೆಗೆ ಕೈ ಹಚ್ಚಿಕೊಂಡಳು. ಭಾಷೆ ಬರದಿದ್ದರೂ ಆ ಕೈ ಅಯ್ಯೋ ಎಂದೇ ಹೇಳಿತು. ಒಳಗೆ ಹೋಗಿ ಶೂ ತಂದಳು. ಯಾರೋ ಮರೆತು ಹೋದದ್ದು, ಮಳೆಯಲ್ಲಿ ನೆನೆಯುತ್ತದೆ ಎಂದು ಎತ್ತಿಟ್ಟಿದ್ದಳಂತೆ. ಆಕಾಶ ತೋರಿಸಿ, ಕೈ ತಿರುಗಿಸಿ, ಎಲ್ಲವನ್ನೂ ವಿವರಿಸಿದಳು. ಎರಡರ ಒಳಗೂ ಪೇಪರ್ ಉಂಡೆ ಮಾಡಿ ತುರುಕಿದ್ದಳು, ಬೇಗ ಒಣಗಲಿ ಎಂದು. ಡಾಕ್ಟರು ಬಾಗಿ ನಮಸ್ಕಾರ ಮಾಡಿ 'ಮೆರ್ಸಿ' ಎಂದು ಥ್ಯಾಂಕ್ಸ್ ಹೇಳಿದರು.

ಬೆಂಚಿಗೆ ಮರಳಿ ಪೇಪರ್ ಉಂಡೆಗಳನ್ನು ತೆಗೆದು, ಒಂದೊಂದೇ ಶೂ ಹಾಕಿಕೊಂಡು, ಪಟ್ಟಿ ಬಿಗಿದರು. ಹನಿ ನಿಂತಿತ್ತು.

"ಹಾಗಾದ್ರೆ ನಾನು ಏನೂ ಮರೆತಿಲ್ಲ. ಪಂದ್ಯದ ಪ್ರಕಾರ ಗೆದ್ದವನು ನಾನು" ಎಂದರು.

"ಹೌದು. ನೀವೇ" ಎಂದಳು ಅನಸೂಯ.

"ಸಿಟ್ಟು ಬಂದಿದೆ ನನಗೆ. ತುಂಬಾ ಬಂದಿದೆ" ಎಂದರು ಅವರು. ಸಿಟ್ಟಿನ ದನಿಯಾಗಿರಲಿಲ್ಲ ಅದು. "ಇಷ್ಟು ವರ್ಷದಲ್ಲಿ ನೀನು ನನಗೆ ಹೀಗೆ ಮಾಡಿದ್ದಿಲ್ಲ. ಆದ್ರೆ ನಾನು ನಿನ್ನ ಕೇಳಿದ್ನಲ್ಲ, ಶೂ ಹಾಕ್ಕೊಂಡಿದ್ನಾ ಅಂತ. ಕೇಳಿಸ್ತಾ ನಿನಗೆ?"

"ಕೇಳಿಸ್ತು."

"ಒಬ್ಬ ಪೇಷೆಂಟ್ ನನ್ನ ಮುಂದೆ ಕೂತು ಆ ಮಾತು ಆಡಿದ್ರೆ, ಅವನ ಹೆಂಡತೀನ ಆಚೆ ಕರೆದು ಮಾತಾಡ್ತಿದ್ದೆ ನಾನು." ಶೂವಿನ ಪಟ್ಟಿ ಬಿಚ್ಚಿ ಮತ್ತೆ ಬಿಗಿದರು. "ಮಾರ್ಚ್‌ನಲ್ಲಿ ಒಂದಿನ ಪಂಕ್ಚರ್ ಆಯ್ತು ಅಂತ ಲೇಟಾಗಿ ಬಂದೆ ನೋಡು. ಪಂಕ್ಚರ್ ಆಗಿರಲಿಲ್ಲ. ಟ್ರೈಲ್‌ನಲ್ಲಿ ನಮ್ಮ ಮನೆ ಕಡೆಗೆ ತಿರುಗೋ ಕ್ರಾಸ್ ಇದೆಯಲ್ಲ, ಅಲ್ಲಿ ನಿಂತೆ. ಯಾವ ಕಡೆ ಹೋಗಬೇಕು ಅಂತ ಗೊತ್ತಾಗಲಿಲ್ಲ. ಅರ್ಧ ಗಂಟೆ ನಿಂತಿದ್ದೆ. ಆಮೇಲೆ ನಾಯಿ ಹಿಡ್ಕೊಂಡು ಬಂದ ಒಬ್ಬಳಿಗೆ ಡ್ರೈವರ್ಸ್ ಲೈಸೆನ್ಸ್ ತೋರಿಸಿ, ಈ ಅಡ್ರೆಸ್ ಎಲ್ಲಿ ಅಂತ ಕೇಳಿ ಬಂದೆ."

ಆ ದಿನ ಅನಸೂಯಳಿಗೆ ನೆನಪಿತ್ತು. ಅನ್ನ ಆರಿಹೋಯಿತೆಂದು ಅವರ ಮೇಲೆ ರೇಗಿದ್ದಳು. ಸಾರು ಎರಡು ಸಲ ಬಿಸಿ ಮಾಡಿದ್ದಳು. ಅವರು ಏನೂ ಎದುರಾಡದೆ ಊಟ ಮಾಡಿ, ತಟ್ಟೆ ತಾವೇ ತೊಳೆದಿಟ್ಟಿದ್ದರು. ಎಂದೂ ತೊಳೆಯದವರು ಇವತ್ತು ಯಾಕೆ ತೊಳೆದರು ಎಂದು ತನಗೆ ಹೊಳೆಯಬಾರದಿತ್ತೇ ಎಂದು ಈಗ ಸಂಕಟವಾಯಿತು. ಅವಳು ಅವರ ಕೈ ಹಿಡಿದುಕೊಂಡಳು. ಗ್ಲೌಸ್ ಒದ್ದೆಯಾಗಿತ್ತು.

"ಹೆದರಿಕೆ ಆಯ್ತು ಕಣೇ" ಎಂದರು ಅವರು. "ಅದಕ್ಕೇ ಈ ಪಂದ್ಯ. ಗೆದ್ದುಬಿಟ್ರೆ ಅದು ಸುಳ್ಳು ಅಂತ ಆಗುತ್ತೆ ಅಂದ್ಕೊಂಡೆ. ಹುಚ್ಚು. ಎಂಥ ಡಾಕ್ಟರ್ ನಾನು."

"ಬಚ್ಚಲಲ್ಲಿ ಊರುಗಳ ಹೆಸರು ಹೇಳ್ಕೊಳ್ತಿದ್ದದ್ದು ಕೇಳಿಸ್ಕೊಂಡೆ" ಎಂದಳು ಅವಳು.

"ಅದೂ ಕೇಳಿಸ್ತಾ?" ಎಂದು ಅವರು ನಕ್ಕರು. ಅವಳಿಗೂ ಅಳುವಿನ ನಡುವೆ ನಗು ಬಂತು. ಹಸಿರು ಬಾಗಿಲಿನ ಹೆಂಗಸು ಕಿಟಕಿಯಿಂದ ಇವರಿಬ್ಬರನ್ನೂ ನೋಡಿ ಕೈಯಾಡಿಸಿದಳು, ಇವರೂ ಕೈಯಾಡಿಸಿದರು.

"ಫೋನ್ ತೆಗಿ. ಆ ನ್ಯೂರಾಲಜಿಸ್ಟ್ ನಂಬರ್ ಇದೆಯಲ್ಲ ನಿನ್ನ ಹತ್ರ" ಎಂದರು ಡಾಕ್ಟರು.

"ಅಲ್ಲಿ ಈಗ ಬೆಳಗಿನ ಜಾವ ಐದು ಗಂಟೆ."

"ಗೊತ್ತು. ಮಷೀನ್ ಎತ್ಕೊಳ್ಳುತ್ತೆ. ಮೆಸೇಜ್ ಬಿಡ್ತೀನಿ. ಮಧ್ಯಾಹ್ನದವರೆಗೆ ಕಾದ್ರೆ ನನ್ನ ಬುದ್ಧಿ ಮತ್ತೆ ವಾದಕ್ಕೆ ನಿಲ್ಲುತ್ತೆ."

ಅನಸೂಯ ಫೋನ್ ತೆಗೆದಳು. ಗಂಡನ ಕಣ್ಣಿಗೆ ಬೀಳಬಾರದೆಂದು ಆ ನಂಬರನ್ನು ಅವಳು 'ಬ್ಲೌಸ್ ಟೈಲರ್' ಎಂದು ಸೇವ್ ಮಾಡಿಟ್ಟಿದ್ದಳು. ಅವರು ಅದನ್ನು ನೋಡಿದರು, ಹುಬ್ಬೇರಿಸಿದರು. ರಿಂಗಾಯಿತು. ಮಷೀನ್ ಮಾತಾಡಿತು. ಅವಳು ಬಾಯಿ ತೆರೆಯುವ ಮುಂಚೆಯೇ ಅವರು ಫೋನನ್ನು ತಮ್ಮ ಕೈಗೆ ತೆಗೆದುಕೊಂಡರು. ಅಮೆರಿಕದವರಿಗೆ ಹೇಳಿ ಹೇಳಿ ರೂಢಿಯಾದಂತೆ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ, ಅವಸರವಿಲ್ಲದೆ ಬಿಡಿಸಿ ಹೇಳಿದರು. ಹುಟ್ಟಿದ ತಾರೀಖು ಹೇಳಿದರು. ಬರಬೇಕಾದ ಕಾರಣ ಹೇಳುವಾಗ ಚರ್ಚಿನ ಗಿಡ್ಡ ಬಾಗಿಲನ್ನು ನೋಡುತ್ತ, ತಮಗೆ ಮರೆವು ಶುರುವಾಗಿದೆ ಎಂದು ಸ್ಪಷ್ಟವಾಗಿ ಹೇಳಿದರು. ಆಮೇಲೆ ಫೋನನ್ನು ಅಂಗೈಯಿಂದ ಮುಚ್ಚಿ ಹೆಂಡತಿಯ ಕಡೆ ಚಾಚಿದರು.

"ಅವರು ವಾಪಸ್ ಫೋನ್ ಮಾಡೋಕೆ ನಂಬರ್ ಹೇಳಬೇಕು. ನಿನ್ನದೇ ಕೊಡು" ಎಂದರು. "ನನಗೆ ಫೋನ್ ಮಾಡಿದ್ರೆ ನಾನು ನಿನ್ನ ಹತ್ರ ಮುಚ್ಚಿಡ್ತೀನಿ."